ಆಟೋಮ್ಯಾಟಿಕ್ ಕಾರು ಮತ್ತು ನಮ್ಮ ಘಾಟಿ ರಸ್ತೆಗಳು

ಸದಸ್ಯ ಬಾಂಧವರಲ್ಲಿ ಅನೇಕರ ಮನೆಯಂಗಳಕ್ಕೆ ಈಗ ಕ್ಲಚ್ಚು ತುಳಿಯಬೇಕಿಲ್ಲದ ಆಟೋಮ್ಯಾಟಿಕ್ ಕಾರು ಬಂದಿದೆ. ಮಂಡಿನೋವಿನ ಹಿರಿಯರಿಗೆ ಇದು ವರದಾನವೇ ಸರಿ. ಗೇರು ಹಾಕಲು ಬಾರದವರ ಗಾಡಿಯೆಂದು ಇದನ್ನು ಹೀಗಳೆಯುವುದು ನ್ಯಾಯವಲ್ಲ. ಆದರೆ ಇನ್ನು ಗೇರಿನ ಚಿಂತೆಯೇ ಬೇಡವೆಂದು ಚಾರ್ಮಾಡಿ, ಆಗುಂಬೆಗಳನ್ನು ಇಳಿಯುವುದೂ ಸಲ್ಲದೆಂಬುದು ನಮ್ಮ ಖಚಿತ ಅಭಿಪ್ರಾಯ.

ಇಂಥ ಹಲವು ಕಾರುಗಳ ಗೇರು ಹಿಡಿಯ ಪಕ್ಕದಲ್ಲಿ 'ಎಂ' ಅಕ್ಷರವೂ, ಕೂಡಿಸುವ ಕಳೆಯುವ ಚಿಹ್ನೆಗಳೂ ಇರುತ್ತವೆ. ನೋಡಿದವರು ಬಹಳ, ಬಳಸಿದವರು ಕಡಿಮೆ. 1990ರ ಸುಮಾರಿಗೆ ಜರ್ಮನಿಯ ಪೋರ್ಷೆ ಕಂಪೆನಿ 'ಟಿಪ್‌ಟ್ರಾನಿಕ್' ಎಂಬ ಹೆಸರಿನಲ್ಲಿ ತಂದ ವ್ಯವಸ್ಥೆ ಇದು. 2014ರಲ್ಲಿ ಮಾರುತಿ ಸೆಲೆರಿಯೋದೊಂದಿಗೆ ನಮ್ಮ ದೇಶದ ಅಗ್ಗದ ಕಾರುಗಳಿಗೂ ಬಂದಿತು.

ಹಿಡಿ 'ಡಿ'ಯಲ್ಲಿದ್ದಾಗ ವೇಗವನ್ನೂ ಆಕ್ಸಿಲರೇಟರ್ ಮೇಲಿನ ಒತ್ತಡವನ್ನೂ ನೋಡಿ ಕಂಪ್ಯೂಟರೇ ಗೇರು ಬದಲಿಸುತ್ತದೆ. ಇಳಿಜಾರಿನಲ್ಲಿ ನಾವು ಕಾಲು ತೆಗೆಯುತ್ತೇವೆ, ವೇಗವೋ ಏರುತ್ತದೆ. ಹೊರೆ ಕಡಿಮೆಯೆಂದು ಎಣಿಸಿ ಹಲವು ಗಾಡಿಗಳು ಮೇಲಿನ ಗೇರಿಗೆ ಹೋಗಿಬಿಡುತ್ತವೆ. ಆಗ ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಬಿಡದೆ ಒತ್ತಿದ ಬ್ರೇಕು ಕಾಯುತ್ತದೆ, ಹಿಡಿತ ಕಳೆದುಕೊಳ್ಳುತ್ತದೆ. ಬ್ರೇಕ್ ಎಣ್ಣೆ ಕುದಿದರೆ ಪೆಡಲು ತಳಕ್ಕೇ ಹೋಗುತ್ತದೆ. ಏರಿದ ಗೇರಿನಲ್ಲೇ ಇಳಿಯಬೇಕೆಂಬ ಹಳೆಯ ಲಾರಿ ಚಾಲಕರ ಪಾಠ ಇಲ್ಲಿಯೂ ಸುಳ್ಳಲ್ಲ. ತಿರುವಿಗೆ ಮೊದಲೇ 'ಎಂ'ಗೆ ತಂದು ಎರಡನೆಯ ಗೇರಿಗೆ ಇಳಿಸಿದರೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ.

ತಪ್ಪಿ ಗೇರು ಕೆಡಿಸಿಯೇವೆಂಬ ಭಯ ಬೇಡ. ನಾವು ಮಾಡುವುದು ಬರೀ ಕೋರಿಕೆ. ಒಪ್ಪುವುದು ಬಿಡುವುದು ಕಂಪ್ಯೂಟರಿನ ಕೆಲಸ. ಅತಿವೇಗದಲ್ಲಿರುವಾಗ ಒಂದನೆಯ ಗೇರು ಕೇಳಿದರೆ ಅದು ಕೊಡುವುದಿಲ್ಲ. ವೇಗ ತೀರ ಇಳಿದರೆ ಎಂಜಿನ್ ನಿಲ್ಲದಂತೆ ತಾನೇ ಕೆಳಗಿನ ಗೇರಿಗೆ ಬರುತ್ತದೆ.

ಯಾವ ಜಾತಿಯ ಗಾಡಿ ನಮ್ಮದೆಂಬುದನ್ನೂ ತಿಳಿದಿರಬೇಕು. ಎ.ಎಂ.ಟಿ.ಯಲ್ಲಿ ಇರುವುದು ಮಾಮೂಲಿ ಗೇರುಪೆಟ್ಟಿಗೆ, ಮಾಮೂಲಿ ಕ್ಲಚ್ಚು. ಅದನ್ನು ತುಳಿಯುವ ಕಾಲು ಮಾತ್ರ ಯಂತ್ರದ್ದು. ತೋಟದ ಏರಿನಲ್ಲಿ ಬ್ರೇಕು ಹಿಡಿಯದೆ ಆಕ್ಸಿಲರೇಟರ್ ಒತ್ತಿಯೇ ಗಾಡಿ ನಿಲ್ಲಿಸಿಕೊಂಡರೆ ಕ್ಲಚ್ಚು ಸುಡುತ್ತದೆ. ಟಾರ್ಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಎಂಜಿನ್ನಿಗೂ ಗೇರಿಗೂ ನಡುವೆ ಶಕ್ತಿ ಸಾಗಿಸುವುದು ಎಣ್ಣೆ. ಬ್ಯಾಟರಿ ಇಳಿದಾಗ ಅದನ್ನು ತಳ್ಳಿ ಸ್ಟಾರ್ಟ್ ಮಾಡಲಾಗದು. ಎಳೆಯುವ ಚಕ್ರಗಳು ನೆಲದಲ್ಲಿರುವಂತೆ ದೂರ ಕಟ್ಟಿ ಎಳೆದರೆ ಗೇರುಪೆಟ್ಟಿಗೆಯೇ ಹಾಳಾದೀತು. ಮಳೆಗಾಲದಲ್ಲಿ ಜೀಪಿಗೆ ಹಗ್ಗ ಕಟ್ಟಿ ಎಳೆಯುವ ನಮ್ಮ ಪರಿಪಾಠಕ್ಕೆ ಇದು ಎಚ್ಚರಿಕೆ.

ಮಾರುವವರು ಬಣ್ಣ, ಮೈಲೇಜು, ಕಂತುಗಳ ಬಗೆಗೆ ಗಂಟೆಗಟ್ಟಲೆ ಮಾತನಾಡುತ್ತಾರೆ. 'ಎಂ' ಯಾಕಿದೆಯೆಂದು ಹೇಳುವವರು ಅಪರೂಪ. ಆದ್ದರಿಂದ ಹಣ ಕಟ್ಟುವ ಮೊದಲೇ ಒಂದು ಒಳ್ಳೆಯ ಇಳಿಜಾರಿಗೆ ಗಾಡಿ ಒಯ್ದು ತೋರಿಸಿಕೊಡಿರೆಂದು ಬೆಳೆಗಾರರು ಪಟ್ಟು ಹಿಡಿಯಬೇಕು. ಹೊಸದಾಗಿ ಲೈಸೆನ್ಸ್ ಪಡೆದ ಮಕ್ಕಳಿಗೂ ಕಲಿಸಬೇಕು. ಮಹಾಸಭೆಯ ದಿನ, ಊಟದ ನಂತರ, ಬಲ್ಲ ಸದಸ್ಯರಿಂದಲೇ ಒಂದು ಗಂಟೆಯ ಪ್ರಾತ್ಯಕ್ಷಿಕೆ ಏರ್ಪಡಿಸಿದರೆ ಸಂಘಕ್ಕೆ ಖರ್ಚಿಲ್ಲ, ಸದಸ್ಯರ ಕುಟುಂಬಗಳಿಗೆ ಲಾಭವುಂಟು. ಆಡಳಿತ ಮಂಡಳಿ ಇದನ್ನು ಪರಿಶೀಲಿಸಲಿ.