ಚೆಂಡು ಕೊಟ್ಟರೆ ಕಿರುಕುಳ ನಿಲ್ಲದು

‘ಹರೆಯದ ಮಕ್ಕಳನ್ನು ಮೈದಾನಕ್ಕೆ ಅಟ್ಟಿ, ಮೊಬೈಲ್ ಕಿರುಕುಳ ತಾನೇ ನಿಲ್ಲುತ್ತದೆ’ ಎಂಬ ವಾದ ಕೇಳಲು ಚೆಂದ, ಒಪ್ಪಲು ಕಷ್ಟ. 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಸಬೇಕೆಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಗೆ ನಮ್ಮ ತಕರಾರಿಲ್ಲ. ತಕರಾರಿರುವುದು ಆಟವೇ ಸರ್ವರೋಗಕ್ಕೂ ಮದ್ದು ಎನ್ನುವ ಭ್ರಮೆಗೆ.

2022ರ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನದ ವಿರುದ್ಧ ಒಂದು ಕ್ಯಾಚ್ ಬಿಟ್ಟ ಭಾರತದ ಕ್ರಿಕೆಟಿಗ ಅರ್ಷದೀಪ್ ಸಿಂಗ್ ಅವರನ್ನು ಜಾಲತಾಣಗಳಲ್ಲಿ ಹೇಗೆ ಹರಿದು ತಿಂದರು! ಅರ್ಷದೀಪ್‌ಗೇನು ವ್ಯಾಯಾಮ ಕಡಿಮೆಯಾಗಿತ್ತೇ?

ಇರಕಲ್ಲಗಡದಂಥ ಸಣ್ಣ ಊರಲ್ಲೂ ಇದೇ ಕಥೆ. ಕಬಡ್ಡಿಯಲ್ಲಿ ಹುಡುಗನೊಬ್ಬ ಚಡ್ಡಿ ಹರಿದುಕೊಂಡು ಬಿದ್ದರೆ, ಸಂಜೆಯೊಳಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವನೇ ಸ್ಟಿಕ್ಕರ್. ಅದನ್ನು ಹರಿಬಿಟ್ಟವನು ಅದೇ ತಂಡದವನಿರಬಹುದು. ಇನ್ನು ಹುಡುಗಿಯರು? ಓಡುವಾಗಿನ ಫೋಟೊ ಯಾರ ಕೈಗೆ ಸಿಗುತ್ತದೋ ಎಂಬ ಅಂಜಿಕೆಗೆ ಆಟವನ್ನೇ ಬಿಟ್ಟುಬಿಡುತ್ತಾರೆ. ಕಿರುಕುಳಕ್ಕೆ ಹೆದರಿ ಆಟ ಬಿಟ್ಟವರನ್ನು ತೋರಿಸಿ ‘ಆಟವಿಲ್ಲದ್ದಕ್ಕೇ ಕಿರುಕುಳ’ ಎನ್ನುವುದು ಎತ್ತಿನ ಮುಂದೆ ಬಂಡಿ ಕಟ್ಟಿದಂತೆ.

ಮೈದಾನ ಬೇಕೇ ಬೇಕು. ಅಲ್ಲಿ ಒಪ್ಪಿಗೆಯಿಲ್ಲದೆ ಯಾರ ವಿಡಿಯೊವನ್ನೂ ತೆಗೆಯಕೂಡದೆಂಬ ಕಟ್ಟುಪಾಡೂ ಬೇಕು. ಗೇಲಿ ಮಾಡಿದವನು ಎಂಥ ರೈಡರ್ ಆಗಿದ್ದರೂ ಮುಂದಿನ ಪಂದ್ಯಕ್ಕೆ ಹೊರಗೆ ಕೂರಿಸುವ ಪಿ.ಟಿ. ಮಾಸ್ತರರು ಬೇಕು. 1098 ಮಕ್ಕಳ ಸಹಾಯವಾಣಿ ಎಂಬುದು ಪ್ರತಿ ವಿದ್ಯಾರ್ಥಿಗೂ ಬಾಯಿಪಾಠವಾಗಿರಬೇಕು. ಇಷ್ಟು ಮಾಡದೆ ಬರೀ ಚೆಂಡು ಹಂಚಿದರೆ, ದೊಡ್ಡವರು ಕೈತೊಳೆದುಕೊಂಡಂತೆ ಅಷ್ಟೇ.