ಎಂಟು ಉಳಿಗಳೋ, ಒಂದು ಸಾಣೆಕಲ್ಲೋ?

ಮರ ಕಡೆಯುವ ಕೆಲಸದಲ್ಲಿ ಆಸಕ್ತಿ ತಳೆದ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವ ಪ್ರಶ್ನೆ ಒಂದೇ: “ಲೇತಿಗೆ ಯಾವ ಯಾವ ಉಳಿಗಳನ್ನು ಕೊಳ್ಳಬೇಕು, ಸಾರ್?” ಬುಗುರಿ, ಲಟ್ಟಣಿಗೆ, ಮಗುವಿನ ಗಿಲಕಿ, ಮಂಚದ ಕಾಲು ಇವೆಲ್ಲ ಲೇತಿನ ಮೇಲೆ ರೂಪುಗೊಳ್ಳುವ ವಸ್ತುಗಳು. ತಮ್ಮ ಲೇಖನಿಯನ್ನು ತಾವೇ ಮರದಿಂದ ಕಡೆದುಕೊಳ್ಳುವ ಹವ್ಯಾಸವೂ ಈಗ ಅಲ್ಲಲ್ಲಿ ಕಾಣುತ್ತಿದೆ. ಹಾಗೆ ಕೇಳುವವರ ಕೈಯಲ್ಲಿ ಸಾಮಾನ್ಯವಾಗಿ ಒಂದು ಬೆಲೆಪಟ್ಟಿ ಇರುತ್ತದೆ. ಅದರಲ್ಲಿ ಎಂಟು ಉಳಿಗಳ ಒಂದು ಅಂದವಾದ ಪೆಟ್ಟಿಗೆಯ ಚಿತ್ರ. ಮೂರು ಉಳಿ ಸಾಕು, ಉಳಿದ ಹಣಕ್ಕೆ ಒಳ್ಳೆಯ ಸಾಣೆಕಲ್ಲನ್ನು ಕೊಳ್ಳಿರಿ ಎಂಬ ನನ್ನ ಉತ್ತರ ಅವರಿಗೆ ರುಚಿಸುವುದಿಲ್ಲ. ಅದಕ್ಕೆ ಕಾರಣಗಳನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬಯಸುತ್ತೇನೆ.

ಬಡಗಿಯ ಉಳಿ ಚಲಿಸುತ್ತದೆ, ಮರ ನಿಂತಿರುತ್ತದೆ. ಲೇತಿನಲ್ಲಿ ಇದು ತಿರುಗುಮುರುಗು. ಮರ ತಿರುಗುತ್ತದೆ, ಉಳಿ ಆಸರೆಯ ಮೇಲೆ ಊರಿಕೊಂಡು ಅದಕ್ಕೆ ಎದುರಾಗುತ್ತದೆ. ನಮ್ಮ ಅಡಿಗೆಮನೆಯ ಈಳಿಗೆಮಣೆಯೂ ಹೀಗೆಯೇ ಅಲ್ಲವೆ? ಅಲಗು ಅಲುಗದು, ಸೌತೆಕಾಯಿಯೇ ಅದರತ್ತ ಸರಿಯುತ್ತದೆ. ಅದೇ ಮಣೆಯ ತುದಿಯಲ್ಲಿ ತೆಂಗಿನಕಾಯಿಯನ್ನು ತುರಿಯುವ ಹಲ್ಲುಗಳೂ ಇರುತ್ತವೆ. ಅಲಗು ಕೊಯ್ಯುತ್ತದೆ, ಹಲ್ಲು ಹೆರೆಯುತ್ತದೆ. ಲೇತಿನ ಉಳಿಗಳ ಹೆಸರು ಎಷ್ಟೇ ಇರಲಿ, ಅವೂ ಈ ಎರಡು ಜಾತಿಗಳಿಗೆ ಸೇರಿದವೇ.

ಹೆರೆಯುವ ಉಳಿಯ ಅಂಚು ಮೊಂಡಾದ ಕೋನದ್ದು. ಸುಮಾರು ೭೦ರಿಂದ ೮೦ ಡಿಗ್ರಿ. ಅದನ್ನು ಮರಕ್ಕೆ ನೇರವಾಗಿ ಒಡ್ಡಿದರೆ ಸಾಕು, ಪುಡಿ ಉದುರುತ್ತದೆ. ಕಲಿಯುವುದು ಸುಲಭ, ಅಪಾಯವೂ ಕಡಿಮೆ. ಆದರೆ ಮರವೆಂಬುದು ಉದ್ದುದ್ದ ನಾರುಗಳ ಕಟ್ಟು. ಹೆರೆಯುವ ಅಂಚು ನಾರನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಕೀಳುತ್ತದೆ. ಮೆದು ಮರವಾದರೆ ಮೈಯೆಲ್ಲ ರೋಮ ಎದ್ದಂತೆ ಒರಟಾಗುತ್ತದೆ; ಆಮೇಲೆ ಮರಳುಕಾಗದದಿಂದ ಎಷ್ಟು ಉಜ್ಜಿದರೂ ಆ ಕಿತ್ತ ಗಾಯಗಳು ಮಾಸುವುದಿಲ್ಲ.

ಓರೆ ಉಳಿ ಇದಕ್ಕೆ ವಿರುದ್ಧವಾದುದು. ಅದರ ಅಂಚು ಹರಿತವಾದ ಕೋನದ್ದು, ಮೇಲಾಗಿ ಓರೆಯಾಗಿ ಕಡಿದದ್ದು. ಅಂಚಿನ ಹಿಂದಿರುವ ಇಳಿಜಾರನ್ನು ಮೊದಲು ತಿರುಗುವ ಮರದ ಮೇಲೆ ಒರಗಿಸಬೇಕು; ಬಳಿಕ ಹಿಡಿಯನ್ನು ಮೆಲ್ಲನೆ ಎತ್ತುತ್ತ ಬಂದರೆ ಒಂದು ಕ್ಷಣದಲ್ಲಿ ಅಂಚು ಮರವನ್ನು ಹಿಡಿದು ತೆಳ್ಳನೆಯ ಸುರುಳಿಯನ್ನು ಬಿಡಿಸತೊಡಗುತ್ತದೆ. ದಪ್ಪನೆಯ ಭಾಗದಿಂದ ಸಣ್ಣ ಭಾಗದ ಕಡೆಗೆ ಇಳಿಯುತ್ತ ಕೊಯ್ದರೆ ಪ್ರತಿಯೊಂದು ನಾರಿಗೂ ಅದರ ಕೆಳಗಿನ ನಾರು ಆಸರೆಯಾಗಿರುತ್ತದೆ; ಆದುದರಿಂದ ನಾರು ಕೀಳದೆ ತುಂಡಾಗುತ್ತದೆ. ಹೀಗೆ ಕೊಯ್ದ ಮೈಗೆ ಮರಳುಕಾಗದದ ಅಗತ್ಯವೇ ಬಹಳ ಕಡಿಮೆ.

ಹಾಗಾದರೆ ಎಲ್ಲರೂ ಓರೆ ಉಳಿಯನ್ನೇ ಏಕೆ ಹಿಡಿಯುವುದಿಲ್ಲ? ಹೆದರಿಕೆಯಿಂದ. ಇಳಿಜಾರಿನ ಆಸರೆ ತಪ್ಪಿ ಮೇಲಿನ ಚೂಪು ಮೂಲೆ ಮರಕ್ಕೆ ತಗುಲಿತೆಂದರೆ ಉಳಿ ಥಟ್ಟನೆ ಒಳಕ್ಕೆ ಕಚ್ಚಿಕೊಳ್ಳುತ್ತದೆ. ಮರ ಸೀಳುತ್ತದೆ, ಕೈ ಜುಮ್ಮೆನ್ನುತ್ತದೆ. ನಾನು ಕಲಿಯುತ್ತಿದ್ದಾಗ ಎಂಟು ಉಳಿಗಳ ಪೆಟ್ಟಿಗೆಯನ್ನೇ ಕೊಂಡವನು. ಮೊದಲನೆಯ ವಾರದಲ್ಲಿ ಮೂರು ಬೀಟೆಯ ತುಂಡುಗಳನ್ನು ಸೀಳಿ, ನನ್ನ ಕೈಗೆ ಈ ವಿದ್ಯೆ ಹತ್ತದೆಂದು ತೀರ್ಮಾನಿಸಿ ಪೆಟ್ಟಿಗೆಯನ್ನು ಅಟ್ಟದ ಮೇಲಿಟ್ಟುಬಿಟ್ಟೆ. ತಪ್ಪು ಕೈಯದು ಮಾತ್ರವಾಗಿರಲಿಲ್ಲ ಎಂದು ತಿಳಿಯಲು ಒಂದು ವರ್ಷ ಬೇಕಾಯಿತು. ಅಂಗಡಿಯಿಂದ ಬಂದ ಆ ಉಳಿಗಳಿಗೆ ಸರಿಯಾದ ಹರಿತವೇ ಇರಲಿಲ್ಲ. ಮೊಂಡಾದ ಉಳಿಯನ್ನು ನಾವು ಬಲವಾಗಿ ಒತ್ತುತ್ತೇವೆ. ಒತ್ತಿದ ಉಳಿ ಹತೋಟಿ ತಪ್ಪಿ ಕಚ್ಚುತ್ತದೆ. ನನ್ನಂತೆಯೇ ಕೈಯನ್ನು ಹಳಿದುಕೊಂಡು ಕೆಲಸ ಬಿಟ್ಟವರನ್ನು ನಾನು ಅನೇಕರನ್ನು ಬಲ್ಲೆ. ಈ ಲೇಖನವನ್ನು ಬರೆಯಲು ಮುಖ್ಯ ಕಾರಣವೇ ಅದು.

ಇನ್ನು ಉಕ್ಕಿನ ವಿಚಾರ. ಹಿಂದಿನ ಉಳಿಗಳೆಲ್ಲ ಇಂಗಾಲದ ಉಕ್ಕಿನವು. ಅವು ಬಹಳ ಹರಿತವಾಗುತ್ತವೆ, ಆದರೆ ಶಾಖವನ್ನು ತಾಳವು. ವಿದ್ಯುತ್ ಸಾಣೆಯಲ್ಲಿ ಹಿಡಿದಾಗ ಅಂಚು ಮೊದಲು ಹುಲ್ಲಿನ ಹಳದಿಗೆ, ಸುಮಾರು ೩೦೦ ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ನೀಲಿಗೆ ತಿರುಗುತ್ತದೆ. ಉಕ್ಕಿನ ಮೇಲೆ ಬೆಳೆಯುವ ಆಕ್ಸೈಡಿನ ಅತಿ ತೆಳುವಾದ ಪೊರೆಯಿಂದ ಹೊಮ್ಮುವ ಬಣ್ಣ ಅದು. ನೀರಿನ ಮೇಲೆ ಹರಡಿದ ಎಣ್ಣೆಯ ಬಣ್ಣಗಳಿಗೂ ಇದಕ್ಕೂ ಕಾರಣ ಒಂದೇ. ನೀಲಿ ಕಂಡಿತೆಂದರೆ ಅಂಚಿನ ಗಡಸು ಹೋಯಿತೆಂದೇ ಅರ್ಥ. ೧೯ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಟೇಲರ್ ಮತ್ತು ವೈಟ್ ಎಂಬುವರು ಟಂಗ್‌ಸ್ಟನ್ ಬೆರೆಸಿದ ಉಕ್ಕನ್ನು ವಿಶೇಷ ರೀತಿಯಲ್ಲಿ ಕಾಯಿಸಿ ಹದಗೊಳಿಸಿ, ೧೯೦೦ರ ಪ್ಯಾರಿಸ್ ಪ್ರದರ್ಶನದಲ್ಲಿ ಅದರ ಶಕ್ತಿಯನ್ನು ತೋರಿಸಿದರು. ಇದೇ ಹೈಸ್ಪೀಡ್ ಉಕ್ಕು. ಕೆಂಪಗೆ ಕಾಯುವಷ್ಟು ಬಿಸಿಯಾದರೂ ಇದು ತನ್ನ ಗಡಸನ್ನು ಉಳಿಸಿಕೊಳ್ಳುತ್ತದೆ. ಸಾಣೆಯಲ್ಲಿ ತಪ್ಪು ಮಾಡುವುದು ಕಲಿಯುವವನ ಹಕ್ಕಾದುದರಿಂದ, ಆ ತಪ್ಪನ್ನು ಕ್ಷಮಿಸುವ ಈ ಉಕ್ಕೇ ಅವನಿಗೆ ತಕ್ಕುದು.

ಮೂರನೆಯದು ಟಂಗ್‌ಸ್ಟನ್ ಕಾರ್ಬೈಡು. ಜರ್ಮನಿಯಲ್ಲಿ ೧೯೨೦ರ ದಶಕದಲ್ಲಿ ಸಿದ್ಧವಾಗಿ ‘ವಿಡಿಯಾ’ ಎಂಬ ಹೆಸರಿನಿಂದ ಮಾರಾಟಕ್ಕೆ ಬಂದ ಈ ವಸ್ತುವನ್ನು ನಮ್ಮ ಕಾರ್ಖಾನೆಗಳಲ್ಲಿ ಇಂದಿಗೂ ಆ ಹೆಸರಿನಿಂದಲೇ ಕರೆಯುವವರುಂಟು. ವಜ್ರದಂತೆ ಎಂಬರ್ಥದ ಜರ್ಮನ್ ಮಾತಿನ ಸಂಕ್ಷೇಪವದು. ಈಗ ಲೇಖನಿ ಕಡೆಯುವವರಿಗೆಂದು ಮಾರುವ ಹೊಸ ಉಳಿಗಳ ತುದಿಯಲ್ಲಿ ಕಾರ್ಬೈಡಿನ ಒಂದು ಪುಟ್ಟ ಬಿಲ್ಲೆಯನ್ನು ತಿರುಪಿನಿಂದ ಬಿಗಿದಿರುತ್ತಾರೆ. ಒಂದು ಬದಿ ಸವೆದರೆ ಬಿಲ್ಲೆಯನ್ನು ತಿರುಗಿಸಿ ಇನ್ನೊಂದು ಬದಿಯನ್ನು ಬಳಸಬಹುದು. ಸಾಣೆಯ ಗೊಡವೆಯೇ ಇಲ್ಲ. ಅನುಕೂಲವೇನೋ ಹೌದು. ಆದರೆ ಇಂಥ ಉಳಿಗಳಲ್ಲಿ ಬಹುಪಾಲು ಹೆರೆಯುವ ಜಾತಿಯವು. ಇದನ್ನೇ ಹಿಡಿದು ಕಲಿತವನಿಗೆ ಮರವನ್ನು ಕೊಯ್ಯುವ ಅನುಭವವೇ ಆಗದೆ ಹೋಗಬಹುದು.

ಲೇಖನಿಯ ಕೆಲಸವನ್ನೇ ಉದಾಹರಣೆಗೆ ತೆಗೆದುಕೊಳ್ಳಿ. ಬೆರಳು ದಪ್ಪದ ಚೌಕ ತುಂಡಿಗೆ ಉದ್ದಕ್ಕೂ ತೂತು ಕೊರೆದು, ಒಳಗೆ ಹಿತ್ತಾಳೆಯ ಕೊಳವೆಯನ್ನು ಅಂಟಿಸಿ, ಅದನ್ನು ಒಂದು ಸರಳಿಗೆ ಏರಿಸಿ ಕಡೆಯುತ್ತಾರೆ. ಕೊನೆಗೆ ಕೊಳವೆಯ ಮೇಲೆ ಉಳಿಯುವ ಮರ ಒಂದೆರಡು ಮಿಲಿಮೀಟರು ಮಾತ್ರ. ೧೨ ಮಿಲಿಮೀಟರು ವ್ಯಾಸದ ಲೇಖನಿ ನಿಮಿಷಕ್ಕೆ ೨,೫೦೦ ಸುತ್ತು ತಿರುಗಿದರೆ ಅದರ ಮೈ ಉಳಿಯ ಮುಂದೆ ಸರಿಯುವ ವೇಗ ನಿಮಿಷಕ್ಕೆ ಸುಮಾರು ೯೪ ಮೀಟರು. ಅದೇ ಸುತ್ತಿನಲ್ಲಿ ೩೦೦ ಮಿಲಿಮೀಟರು ಅಗಲದ ಬಟ್ಟಲನ್ನು ತಿರುಗಿಸಿದರೆ ಅದರ ಅಂಚು ಗಂಟೆಗೆ ೧೪೧ ಕಿಲೋಮೀಟರು ವೇಗದಲ್ಲಿ ಓಡುತ್ತದೆ! ಬಟ್ಟಲನ್ನು ಅಷ್ಟು ವೇಗದಲ್ಲಿ ಎಂದೂ ತಿರುಗಿಸಬಾರದೆಂಬುದಕ್ಕೆ ಬೇರೆ ವಿವರಣೆ ಬೇಡ. ಲೇಖನಿಯಂಥ ಸಣ್ಣ ವಸ್ತುವಾದರೋ ಒಂದು ಸಣ್ಣ ಕಚ್ಚುವಿಕೆಗೇ ಹಿತ್ತಾಳೆಯನ್ನು ಬಿಟ್ಟು ಸಿಡಿಯುತ್ತದೆ. ಮುಖಕ್ಕೆ ರಕ್ಷಣೆಯ ಪರದೆ ಇಲ್ಲದೆ ಯಾರೂ ಲೇತಿನ ಮುಂದೆ ನಿಲ್ಲಬಾರದು. ಬೀಟೆಯ ಪುಡಿ ಕೆಲವರಿಗೆ ಚರ್ಮದ ತುರಿಕೆಯನ್ನೂ ಕೆಮ್ಮನ್ನೂ ತರುವುದರಿಂದ ಮೂಗಿಗೂ ಬಟ್ಟೆಯಲ್ಲ, ತಕ್ಕ ಮುಸುಕು ಇರಲಿ.

ಬೆಂಗಳೂರು–ಮೈಸೂರು ಹಾದಿಯಲ್ಲಿ ಹೋಗುವವರು ಚನ್ನಪಟ್ಟಣದಲ್ಲಿ ಇಳಿದು ಬೊಂಬೆ ಕಡೆಯುವವರ ಮನೆಯೊಂದನ್ನು ನೋಡಿಬರಬೇಕೆಂದು ನಾನು ಹೇಳುತ್ತೇನೆ. ಅಲ್ಲಿ ಬಳಕೆಯಲ್ಲಿರುವುದು ಹಾಲೆ ಮರ. ಬಿಳುಪು, ಮೆದು, ಒತ್ತಾದ ನಾರಿನದು. ಕಡೆದ ಮರ ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜುವಿಕೆಯ ಶಾಖಕ್ಕೆ ಅರಗು ಕರಗಿ ಮೈಗೆ ಹತ್ತುತ್ತದೆ. ಕೇದಗೆಯ ಜಾತಿಯ ಗಿಡದ ಗರಿಯಿಂದ ತೀಡಿ ಹೊಳಪು ಕೊಡುತ್ತಾರೆ. ಮರದ ಮೈ ಒರಟಾಗಿದ್ದರೆ ಅರಗು ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ನಾನು ಕುಳಿತು ನೋಡಿದ ಮನೆಯಲ್ಲಿ ಮುದುಕರೊಬ್ಬರ ಪಕ್ಕಕ್ಕೆ ಇದ್ದುದು ನಾಲ್ಕು ಉಳಿ. ಸವೆದು ಸವೆದು ಅವುಗಳಲ್ಲಿ ಒಂದು ಗೇಣುದ್ದವೂ ಉಳಿದಿರಲಿಲ್ಲ. ಹತ್ತಿಪ್ಪತ್ತು ಗಿಲಕಿಗಳಿಗೊಮ್ಮೆ ಅವರು ಕೈಗೆ ಸಿಗುವಂತಿಟ್ಟಿದ್ದ ಕಲ್ಲಿಗೆ ಉಳಿಯನ್ನು ನಾಲ್ಕು ಬಾರಿ ತೀಡುತ್ತಿದ್ದರು, ಮಾತು ನಿಲ್ಲಿಸದೆಯೇ. “ಇದು ಮೊಂಡಾದದ್ದು ಹೇಗೆ ತಿಳಿಯಿತು, ಅಜ್ಜ?” ಎಂದು ಕೇಳಿದೆ. “ಸದ್ದು ಬದಲಾಯ್ತಲ್ಲಪ್ಪ” ಎಂದರು. ನನ್ನ ಕಿವಿಗೆ ಯಾವ ಬದಲಾವಣೆಯೂ ಕೇಳಿಸಿರಲಿಲ್ಲ.

ಹಾಗೆಂದು ಕಾರ್ಬೈಡನ್ನು ಹಳಿಯುವ ಪಕ್ಷ ನನ್ನದಲ್ಲ. ಈಗ ಲೇಖನಿಗಳಿಗೆ ಬಳಸುವ ಅಕ್ರಿಲಿಕ್‌ಗೆ ನಾರುಗಳಿಲ್ಲ. ಅದನ್ನು ಹೆರೆದರೆ ನಷ್ಟವಿಲ್ಲ. ಸಿಲಿಕಾ ತುಂಬಿದ ತೇಗದಂಥ ಮರ ಉಕ್ಕಿನ ಅಂಚನ್ನು ಬೇಗ ತಿನ್ನುವಾಗಲೂ ಕಾರ್ಬೈಡು ನೆರವಿಗೆ ಬರುತ್ತದೆ. ಆದರೆ ಸಾಮಾನ್ಯ ಸಾಣೆಕಲ್ಲು ಅದರ ಮೇಲೆ ನಡೆಯದು. ವಜ್ರದ ಪುಡಿಯ ಸಾಣೆ ಬೇಕು. ಬಿಲ್ಲೆ ಮುಗಿದ ದಿನ ಮತ್ತೆ ಅಂಗಡಿಗೇ ಹೋಗಬೇಕು.

ಆದುದರಿಂದ ಕೊಳ್ಳುವವರಿಗೆ ನನ್ನ ಪಟ್ಟಿ ಇಷ್ಟೇ. ಚೌಕ ತುಂಡನ್ನು ಉರುಟು ಮಾಡಲು ದೋಣಿಯಂತೆ ಬಾಗಿದ ಅಗಲವಾದ ಉಳಿ, ನುಣುಪಿಗೆ ಓರೆ ಉಳಿ, ತುಂಡರಿಸಲು ತೆಳ್ಳನೆಯ ಉಳಿ. ಮೂರೂ ಹೈಸ್ಪೀಡ್ ಉಕ್ಕಿನವಾಗಿರಲಿ. ಜೊತೆಗೆ ಒರಟು ಮೈ, ನುಣ್ಣನೆಯ ಮೈ ಎರಡೂ ಇರುವ ಸಾಣೆಕಲ್ಲು. ಮೊದಲ ಹದಿನೈದು ದಿನ ಬೀಟೆಯನ್ನು ಮುಟ್ಟದೆ ಸೌದೆಯ ಕೊರಡುಗಳನ್ನೇ ಕಡೆಯಿರಿ. ಸುರುಳಿಯ ಬದಲು ಪುಡಿ ಉದುರತೊಡಗಿದ ಕೂಡಲೆ ಲೇತನ್ನು ನಿಲ್ಲಿಸಿ ಕಲ್ಲಿಗೆ ಹೋಗಿರಿ.

ಕಾರ್ಬೈಡಿನ ಉಳಿಯೊಂದು ನನ್ನಲ್ಲಿಯೂ ಇದೆ. ಕೊಂಡು ಎರಡು ವರ್ಷವಾಯಿತು. ಅದರ ಬಿಲ್ಲೆಯನ್ನು ಇದುವರೆಗೆ ತಿರುಗಿಸಿರುವುದು ಒಂದೇ ಸಲ.