ಸಂಶೋಧನೆಗೆ ಹೊರಟ ಮಕ್ಕಳು



ಶ್ರಾವಣ ಮಾಸವು ನಮ್ಮ ಮನೆಗಳಲ್ಲಿ ಪೂಜೆ, ಪುರಾಣ, ಪ್ರವಚನಗಳ ಮಾಸ. ಅದೇ ದಿನಗಳಲ್ಲಿ ಅನೇಕ ಮನೆಗಳಲ್ಲಿ ಇನ್ನೊಂದು ಸಿದ್ಧತೆಯೂ ನಡೆದಿರುತ್ತದೆ. ಮಗನೋ ಮಗಳೋ ಸ್ನಾತಕೋತ್ತರ ವ್ಯಾಸಂಗಕ್ಕೆ, ಇಲ್ಲವೆ ಪಿಎಚ್.ಡಿ. ಸಂಶೋಧನೆಗೆ ಬೆಂಗಳೂರಿಗೆ ಹೊರಡಬೇಕಾಗಿರುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಾಸಿಗೆ ಹೊದಿಕೆ, ಅಂಕಪಟ್ಟಿಗಳ ಕಡತ, ಎಲ್ಲವನ್ನೂ ಕಟ್ಟಿಕೊಟ್ಟು ರಾತ್ರಿಯ ಬಸ್ಸು ಹತ್ತಿಸಿ ಬಂದ ತಂದೆತಾಯಿಗಳು, “ಇನ್ನು ಮಕ್ಕಳ ಓದಿನ ಚಿಂತೆ ನಮಗಿಲ್ಲ, ದೊಡ್ಡವರಾದರು, ತಮ್ಮ ದಾರಿ ತಾವು ನೋಡಿಕೊಳ್ಳುತ್ತಾರೆ” ಎಂದು ನಿಟ್ಟುಸಿರು ಬಿಡುತ್ತಾರೆ. ಆದರೆ ಅವರ ಹೊಣೆ ಮುಗಿದಿರುವುದಿಲ್ಲ. ಅದು ರೂಪವನ್ನು ಮಾತ್ರ ಬದಲಿಸಿರುತ್ತದೆ. ಈ ತಿಂಗಳು ಈ ವಿಷಯವನ್ನು ಕುರಿತು ನಾಲ್ಕು ಮಾತುಗಳನ್ನು ನಿಮ್ಮ ಮುಂದಿಡಬಯಸುತ್ತೇನೆ.

ಸಂಶೋಧನಾ ವಿದ್ಯಾರ್ಥಿ ಎಂದರೆ ಕಾಲೇಜು ವಿದ್ಯಾರ್ಥಿಯ ದೊಡ್ಡ ರೂಪವಲ್ಲ. ಈ ಮಾತನ್ನು ಹಿರಿಯರು ಮೊದಲು ಮನಗಾಣಬೇಕು. ಕಾಲೇಜಿನಲ್ಲಿ ವೇಳಾಪಟ್ಟಿ ಇರುತ್ತದೆ, ಪಾಠಪುಸ್ತಕ ಇರುತ್ತದೆ, ವರ್ಷಕ್ಕೆರಡು ಪರೀಕ್ಷೆಗಳಿರುತ್ತವೆ, ಫಲಿತಾಂಶ ಬಂದ ದಿನ ಪೇಢೆ ಹಂಚಬಹುದು. ಸಂಶೋಧನೆಯಲ್ಲಿ ಮೊದಲ ಕೆಲವು ತಿಂಗಳ ಪಾಠಕ್ರಮ ಮುಗಿದ ಮೇಲೆ ಇವಾವುವೂ ಇರುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಪಿಎಚ್.ಡಿ. ವ್ಯಾಸಂಗಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷಗಳ ಅವಧಿಯಿದೆ. ಮರುನೋಂದಣಿ ಮಾಡಿಕೊಂಡರೆ ಇನ್ನೂ 2 ವರ್ಷ ದೊರೆಯುತ್ತದೆ. ಇಷ್ಟು ದೀರ್ಘ ಕಾಲದಲ್ಲಿ ಮನೆಯವರಿಗೆ ತೋರಿಸಬಹುದಾದ ಅಂಕಪಟ್ಟಿ ಒಂದೂ ಬಾರದಿರುವ ವರ್ಷಗಳಿರುತ್ತವೆ. ಆರು ತಿಂಗಳು ಪ್ರಯೋಗ ನಡೆಸಿ, ದಾರಿ ತಪ್ಪೆಂದು ತಿಳಿದು, ಮತ್ತೆ ಮೊದಲಿನಿಂದ ತೊಡಗುವುದು ಅಲ್ಲಿ ಸೋಲಲ್ಲ. ಅದೂ ಕೆಲಸದ ಒಂದು ಭಾಗವೇ. ಇದನ್ನರಿಯದ ಮನೆಯವರು “ಇನ್ನೂ ಮುಗಿಯಲಿಲ್ಲವೇ?” ಎಂದು ಕೇಳಿದಾಗ, ಆ ಮಗುವಿನ ಬಳಿ ಉತ್ತರವಿರುವುದಿಲ್ಲ.

ಹಿಂದಿನ ತಲೆಮಾರಿನ ವಿದ್ಯಾರ್ಥಿಗಳು ಊರು ಬಿಟ್ಟು ಬಂದಾಗ ಹೇಗೆ ನೆಲೆ ನಿಲ್ಲುತ್ತಿದ್ದರೆಂಬುದನ್ನು ನೆನೆಯೋಣ. ನಮ್ಮ ನಾಡಿನಲ್ಲಿ ಮಠಗಳೂ ದಾನಿಗಳೂ ಕಟ್ಟಿದ ಉಚಿತ ಪ್ರಸಾದ ನಿಲಯಗಳು ಬಡ ರೈತರ ಮಕ್ಕಳಿಗೆ ಅನ್ನದ ಜೊತೆಗೆ ದಿನಚರಿಯನ್ನೂ ಕೊಟ್ಟವು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲು ನಿಲ್ದಾಣದ ಬಳಿ ಪ್ರಯಾಣಿಕರಿಗಾಗಿ ಕಟ್ಟಿಸಿದ ಛತ್ರ ಮತ್ತು ಅವರ ಹೆಸರಿನ ವಿದ್ಯಾರ್ಥಿ ನಿಲಯವನ್ನು ಅರಿಯದ ಹಿರಿಯರು ವಿರಳ. ಸಿದ್ಧಗಂಗೆಯ ಡಾ. ಶಿವಕುಮಾರ ಮಹಾಸ್ವಾಮಿಗಳೂ 1927ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ ಹಳ್ಳಿಯಿಂದ ಬಂದ ಒಬ್ಬ ವಿದ್ಯಾರ್ಥಿಯೇ ಆಗಿದ್ದರು. 1930ರಲ್ಲಿ ಮಠದ ಉತ್ತರಾಧಿಕಾರ ಬಂದುದರಿಂದ ಪದವಿ ಪೂರ್ಣಗೊಳ್ಳಲಿಲ್ಲ. ಆದರೆ ಅವರು 2019ರಲ್ಲಿ ಲಿಂಗೈಕ್ಯರಾಗುವವರೆಗೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಕೊಟ್ಟರು. ಇಂಥ ನಿಲಯಗಳಲ್ಲಿ ಬೆಳಗಿನ ಗಂಟೆ ಎಬ್ಬಿಸುತ್ತಿತ್ತು, ಪ್ರಾರ್ಥನೆಯ ಗಂಟೆ ಕೂಡಿಸುತ್ತಿತ್ತು, ಪ್ರಸಾದದ ಪಂಕ್ತಿಯಲ್ಲಿ ಒಬ್ಬ ಬಾರದಿದ್ದರೆ ಪಕ್ಕದವನು “ಅವನೆಲ್ಲಿ?” ಎಂದು ಕೇಳುತ್ತಿದ್ದನು. ಹುಡುಗನು ತಾನಾಗಿ ನೆಲೆಗೊಳ್ಳಬೇಕಾಗಿರಲಿಲ್ಲ. ನಿಲಯವೇ ಅವನನ್ನು ನೆಲೆಗೊಳಿಸುತ್ತಿತ್ತು.

ಇಂದಿನ ಸಂಶೋಧನಾರ್ಥಿಯ ಪರಿಸ್ಥಿತಿ ಬೇರೆ. ಇಂದಿರಾನಗರವನ್ನೇ ತೆಗೆದುಕೊಳ್ಳೋಣ. ನೂರು ಅಡಿ ರಸ್ತೆ, ಹನ್ನೆರಡನೆಯ ಮುಖ್ಯರಸ್ತೆ, ಚಿನ್ಮಯ ಮಿಷನ್ ಆಸ್ಪತ್ರೆ ರಸ್ತೆಗಳ ಅಂಗಡಿ ಹೋಟೆಲುಗಳ ಬೆಳಕನ್ನು ನೋಡಿದವರು ಇದು ಶ್ರೀಮಂತರ ಬಡಾವಣೆಯೆಂದೇ ತಿಳಿಯುತ್ತಾರೆ. ಆದರೆ ಸಂಶೋಧನಾರ್ಥಿಗಳೂ ಇಲ್ಲಿ ಕೋಣೆ ಹುಡುಕುವುದಕ್ಕೆ ಕಾರಣಗಳಿವೆ. ರಾಷ್ಟ್ರೀಯ ವಾಂತರಿಕ್ಷ ಪ್ರಯೋಗಾಲಯವು ಪಕ್ಕದ ಕೋಡಿಹಳ್ಳಿಯಲ್ಲಿದೆ. 1959ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯಲ್ಲಿ ಯುವ ಸಂಶೋಧಕರು ಪಿಎಚ್.ಡಿ. ವ್ಯಾಸಂಗವನ್ನೂ ಮಾಡಬಹುದು. ರಕ್ಷಣಾ ಸಂಶೋಧನೆಯ ಹಲವು ಪ್ರಯೋಗಾಲಯಗಳು ಸಮೀಪದ ಸಿ.ವಿ. ರಾಮನ್ ನಗರದಲ್ಲಿವೆ. ಇನ್ನು 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಯವರೆಗೆ ಆರಂಭವಾದ ಮೆಟ್ರೊ ರೈಲು 2016ರಲ್ಲಿ ಸೆಂಟ್ರಲ್ ಕಾಲೇಜನ್ನು, 2021ರಲ್ಲಿ ಜ್ಞಾನಭಾರತಿಯನ್ನು ಮುಟ್ಟಿತು. ಹೀಗಾಗಿ ಇಂದಿರಾನಗರದ ನಿಲ್ದಾಣದಲ್ಲಿ ಹತ್ತಿದವರು ಗಾಡಿ ಬದಲಿಸದೆ ಈ ಎರಡು ವಿದ್ಯಾಕೇಂದ್ರಗಳ ಬಾಗಿಲಿಗೆ ಹೋಗಬಹುದು.

ವಾಸದ ಮಾತಿಗೆ ಬಂದರೆ, ಬಡಾವಣೆಯ ದೊಡ್ಡ ರಸ್ತೆಗಳಲ್ಲಿ ವಿದ್ಯಾರ್ಥಿಗೆ ಎಟಕುವ ಬಾಡಿಗೆ ಇರುವುದಿಲ್ಲ. ಬಡಾವಣೆ ಹುಟ್ಟುವ ಮೊದಲೇ ಇದ್ದ ಹಳ್ಳಿಗಳು ಇಂದಿಗೂ ಅದರ ಒಡಲಲ್ಲಿವೆ. ಕೋಡಿಹಳ್ಳಿ, ದೂಪನಹಳ್ಳಿ, ಬಿನ್ನಮಂಗಲ, ಅಪ್ಪಾರೆಡ್ಡಿಪಾಳ್ಯಗಳ ಇಕ್ಕಟ್ಟಾದ ಓಣಿಗಳಲ್ಲಿ, ಮೂರನೆಯ ನಾಲ್ಕನೆಯ ಮಹಡಿಗಳಲ್ಲಿ ಸಣ್ಣ ಕೋಣೆಗಳೂ ಪಿ.ಜಿ. ವಸತಿಗಳೂ ದೊರೆಯುತ್ತವೆ. ಮನೆ ಹಿಡಿಯುವುದಾದರೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಬೆಂಗಳೂರಿನಲ್ಲಿ ಬಹುಕಾಲದಿಂದ ಇದೆ. ಮಾತನಾಡಿ ತಗ್ಗಿಸಿಕೊಳ್ಳುವುದರಲ್ಲಿ ಸಂಕೋಚ ಬೇಡ. ಒಂದು ವರ್ಷ ಮೀರಿದ ಗೇಣಿ ಪತ್ರಕ್ಕೆ ನೋಂದಣಿ ಕಡ್ಡಾಯವಾಗಿರುವುದರಿಂದ ಹನ್ನೊಂದು ತಿಂಗಳ ಕರಾರು ಬರೆಯುವುದು ವಾಡಿಕೆ. ಬಣ್ಣ ಬಳಿಯುವ ಖರ್ಚು ಯಾರದು, ಬಿಡುವಾಗ ಮುಂಗಡ ಎಷ್ಟು ದಿನದಲ್ಲಿ ಮರಳಬೇಕು ಎಂಬುದನ್ನು ಅದರಲ್ಲಿಯೇ ಬರೆಸಿಕೊಳ್ಳಬೇಕು.

ಹಣದ ವಿಷಯದಲ್ಲಿ ಮನೆಯವರು ಒಂದು ಸತ್ಯವನ್ನು ತಿಳಿದಿರಬೇಕು. ರಾಷ್ಟ್ರೀಯ ಅರ್ಹತಾ ಪರೀಕ್ಷೆಯ ಮೂಲಕ ಕಿರಿಯ ಸಂಶೋಧನಾ ವೇತನ ಪಡೆದವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ನಿಗದಿಯಾಗಿದೆ. ಕೇಳುವುದಕ್ಕೆ ಇದು ದೊಡ್ಡ ಮೊತ್ತ. ಆದರೆ ಹಾಜರಾತಿ ಪತ್ರ, ಮಾರ್ಗದರ್ಶಕರ ಸಹಿ, ಬ್ಯಾಂಕಿನ ದಾಖಲೆ ಇವೆಲ್ಲ ಹಲವು ಮೇಜುಗಳನ್ನು ದಾಟಿ ಮೊದಲ ಕಂತು ಕೈಸೇರಲು ತಿಂಗಳುಗಳೇ ಹಿಡಿಯುವುದುಂಟು. ಈ ವೇತನವಿಲ್ಲದೆ ಸಂಶೋಧನೆಗೆ ಸೇರಿದವರೂ ಬಹಳ ಮಂದಿ. ಆದ್ದರಿಂದ ಮುಂಗಡದ ಹಣವಲ್ಲದೆ, ಕನಿಷ್ಠ ನಾಲ್ಕು ತಿಂಗಳ ಊಟ ಬಾಡಿಗೆಗಳಿಗೆ ಸಾಲುವಷ್ಟನ್ನು ಬೇರೆ ತೆಗೆದಿರಿಸುವುದು ಒಳಿತು. “ನಿನಗೆ ಸರಕಾರವೇ ಸಂಬಳ ಕೊಡುತ್ತದಲ್ಲ, ತಂಗಿಯ ಮದುವೆಗೆ ಕಳಿಸು” ಎಂಬ ಮಾತನ್ನು ಮೊದಲ ವರ್ಷವಾದರೂ ಆಡದಿರೋಣ. ಕೈಯಲ್ಲಿ ಹಣವಿಲ್ಲದ ಮಗ ಅದನ್ನು ಹೇಳಿಕೊಳ್ಳಲು ನಾಚಿ, ಗೆಳೆಯರಲ್ಲಿ ಸಾಲ ಮಾಡಿ ಊರಿಗೆ ಕಳಿಸಿದ ಸಂಗತಿಗಳನ್ನು ಕೇಳಿದ್ದೇವೆ.

ಹೊಟ್ಟೆ, ವಸತಿಗಳ ವ್ಯವಸ್ಥೆಯಾದ ಮೇಲೆ ಉಳಿಯುವುದು ಮನಸ್ಸಿನ ನೆಲೆ. ಕೋಣೆಯಲ್ಲಿ ಯಾರೂ ಗಂಟೆ ಬಾರಿಸುವುದಿಲ್ಲ. ಹತ್ತು ಗಂಟೆಗೆ ಎದ್ದರೂ ಕೇಳುವವರಿಲ್ಲ, ರಾತ್ರಿ ಉಣ್ಣದೆ ಮಲಗಿದರೂ ಅರಿಯುವವರಿಲ್ಲ. ಬೀದಿಯಲ್ಲಿ ತಮಿಳು, ತೆಲುಗು, ಹಿಂದಿ, ಇಂಗ್ಲಿಷುಗಳ ನಡುವೆ ತನ್ನ ಬೀದರ, ವಿಜಯಪುರದ ಕನ್ನಡವೇ ತನಗೆ ಅಪರಿಚಿತವೆನಿಸುತ್ತದೆ. ಸಂಶೋಧನಾಲಯದಲ್ಲಿ ಉಳಿದವರೆಲ್ಲ ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಮಾತನಾಡುವಾಗ, ಊರಿಗೇ ಮೊದಲಿಗನಾಗಿದ್ದವನು ಬಾಯಿಬಿಡಲು ಹಿಂಜರಿಯುತ್ತಾನೆ. ತನಗೊಬ್ಬನಿಗೇ ಹೀಗೆಂದು ಅವನು ತಿಳಿಯುತ್ತಾನೆ. ವಾಸ್ತವವಾಗಿ ಹೊಸದಾಗಿ ಬಂದವರಲ್ಲಿ ಹೆಚ್ಚಿನವರ ಅಂತರಂಗದ ಸ್ಥಿತಿ ಅದೇ ಆಗಿರುತ್ತದೆ.

ಇದಕ್ಕೆ ಪರಿಹಾರವೆಂದರೆ ತನ್ನ ಗಂಟೆಯನ್ನು ತಾನೇ ಬಾರಿಸಿಕೊಳ್ಳಲು ಕಲಿಯುವುದು. ಏಳುವ, ಉಣ್ಣುವ, ಸಂಶೋಧನಾಲಯಕ್ಕೆ ಹೋಗುವ, ಮರಳುವ ವೇಳೆಯನ್ನು ಮೊದಲ ತಿಂಗಳಲ್ಲಿಯೇ ನಿಗದಿಮಾಡಿಕೊಳ್ಳಬೇಕು. ಆ ದಿನ ಓದಿದ್ದು, ಮಾಡಿದ್ದು, ಕೆಟ್ಟದ್ದು ಎಲ್ಲವನ್ನೂ ಒಂದು ದಿನಚರಿಯಲ್ಲಿ ಬರೆದಿಡಬೇಕು. ಫಲ ಕಾಣದ ತಿಂಗಳುಗಳಲ್ಲಿ ಅದೇ ಅಂಕಪಟ್ಟಿಯಾಗುತ್ತದೆ. ಇಷ್ಟಲಿಂಗ ಪೂಜೆಯ ಅಭ್ಯಾಸವಿದ್ದವರಿಗೆ ಬೆಳಗಿನ ಅರ್ಧ ಗಂಟೆಯ ಶಿಸ್ತು ಈಗಾಗಲೇ ಕೈಯಲ್ಲಿದೆ. ಅದನ್ನು ಊರಿನಲ್ಲಿಯೇ ಬಿಟ್ಟುಬರಬಾರದು. ಫಲದ ಖಚಿತತೆಯಿಲ್ಲದಿದ್ದರೂ ಪ್ರತಿದಿನ ಮಾಡುವ ಪ್ರಾಮಾಣಿಕ ದುಡಿಮೆಯನ್ನೇ ಅಲ್ಲವೇ ನಾವು ಕಾಯಕವೆಂದು ಕರೆಯುವುದು?

ಮಾರ್ಗದರ್ಶಕರ ವಿಷಯದಲ್ಲಿಯೂ ಒಂದು ಮಾತು. ಗುರುವಿನ ಎದುರು ಮಾತನಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದ ಮಕ್ಕಳು ತಿಳಿಯದ್ದನ್ನು ತಿಳಿಯಲಿಲ್ಲವೆಂದು ಹೇಳದೆ ತಿಂಗಳುಗಟ್ಟಲೆ ಕುಳಿತಿರುತ್ತಾರೆ. ಪ್ರಶ್ನೆ ಕೇಳುವುದು ಅವಿನಯವಲ್ಲ. ಅನುಭವ ಮಂಟಪದ ಪರಂಪರೆಯವರಿಗೆ ಇದನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಪ್ರತಿ ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಕೆಲಸದ ಪ್ರಗತಿಯನ್ನು ಮಂಡಿಸಬೇಕೆಂದು ನಿಯಮವೇ ಇದೆ. ಮಾರ್ಗದರ್ಶಕರೊಡನೆ ಹೊಂದಾಣಿಕೆ ಕಷ್ಟವಾದಾಗ ಹೇಳಿಕೊಳ್ಳಲು ಅದೂ ಒಂದು ಸ್ಥಳ.

ಹೆಣ್ಣುಮಕ್ಕಳ ಪಾಲಕರು ಎರಡು ಹೆಸರುಗಳನ್ನು ನೆನಪಿನಲ್ಲಿಡಲಿ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ, ಮುಂದೆ ಕಮಲಾ ಸೊಹೊನಿ ಎಂದು ಪ್ರಸಿದ್ಧರಾದವರು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣೆಂಬ ಕಾರಣಕ್ಕೆ ಅಂದಿನ ನಿರ್ದೇಶಕರಾದ ಸರ್ ಸಿ.ವಿ. ರಾಮನ್ ಅವರು ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಕೊನೆಗೆ ಮೊದಲ ವರ್ಷ ಪರೀಕ್ಷಾರ್ಥವಾಗಿ ಎಂಬ ಷರತ್ತಿನ ಮೇಲೆ ಸೇರಿಸಿಕೊಳ್ಳಲಾಯಿತು. 1939ರಲ್ಲಿ ಆಕೆ ಕೇಂಬ್ರಿಜಿನಿಂದ ಪಿಎಚ್.ಡಿ. ಪಡೆದರು. ನಮ್ಮ ನಾಡಿನವರೇ ಆದ ರಾಜೇಶ್ವರಿ ಚಟರ್ಜಿ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಅದೇ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆ ಆರಂಭಿಸಿ, 1947ರಲ್ಲಿ ಹಡಗಿನಲ್ಲಿ ಅಮೆರಿಕೆಯ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ತೆರಳಿದರು. ಡಾಕ್ಟರೇಟ್ ಪಡೆದು 1953ರಲ್ಲಿ ಮರಳಿ ಸಂಸ್ಥೆಯಲ್ಲಿಯೇ ಪ್ರಾಧ್ಯಾಪಕಿಯಾಗಿ ಎಷ್ಟೋ ಶಿಷ್ಯರನ್ನು ಬೆಳೆಸಿದರು. ಆಗ ಬಾಗಿಲನ್ನು ಸಂಸ್ಥೆ ಮುಚ್ಚಿತ್ತು. ಈಗ ಕೆಲವೊಮ್ಮೆ ಮನೆಯೇ ಮುಚ್ಚುತ್ತದೆ. ವರಾನ್ವೇಷಣೆಯ ನೆಪದಲ್ಲಿ ಅರ್ಧಕ್ಕೆ ನಿಂತ ಸಂಶೋಧನೆಗಳಿಗೆ ಲೆಕ್ಕವಿಲ್ಲ. ಮಹಿಳೆಯರಿಗೆ ಒಟ್ಟು 10 ವರ್ಷಗಳವರೆಗೆ ಅವಧಿಯನ್ನೂ 240 ದಿನಗಳವರೆಗೆ ಹೆರಿಗೆ ರಜೆಯನ್ನೂ ನಿಯಮಾವಳಿಯು ಕೊಡುತ್ತದೆ. ಆದ್ದರಿಂದ ಮದುವೆಯಾದರೆ ಓದು ನಿಲ್ಲಲೇಬೇಕೆಂಬ ಮಾತಿಗೆ ಆಧಾರವಿಲ್ಲ. ಬೀಗರೊಡನೆ ಮಾತುಕತೆಯಾಗುವಾಗ ಇದನ್ನು ಸ್ಪಷ್ಟವಾಗಿ ಹೇಳುವ ಧೈರ್ಯ ತಂದೆತಾಯಿಗಳಿಗಿರಬೇಕು.

ಇನ್ನು ಮನೆಯವರು ಮಾಡಬೇಕಾದುದು ಖರ್ಚಿಲ್ಲದ ಕೆಲಸ. ದೂರವಾಣಿಯಲ್ಲಿ ಕೇಳುವ ಪ್ರಶ್ನೆಯನ್ನು ಬದಲಿಸಬೇಕು. “ಯಾವಾಗ ಮುಗಿಯುತ್ತದೆ? ನೌಕರಿ ಯಾವಾಗ?” ಎಂಬುದರ ಬದಲು “ಈ ವಾರ ಏನು ಓದಿದೆ? ಯಾರ ಜೊತೆ ಕುಳಿತು ಊಟ ಮಾಡಿದೆ?” ಎಂದು ಕೇಳಿರಿ. ಎರಡನೆಯ ಪ್ರಶ್ನೆ ಬಹಳ ಮುಖ್ಯ. ವಾರಗಟ್ಟಲೆ ಒಬ್ಬನೇ ಉಣ್ಣುತ್ತಿರುವನೆಂದು ತಿಳಿದರೆ, ಧ್ವನಿ ಕುಗ್ಗಿದ್ದರೆ, ನಿದ್ದೆ ತಪ್ಪಿದೆಯೆಂದರೆ, ಕರೆಗಳನ್ನೇ ತೆಗೆದುಕೊಳ್ಳುತ್ತಿಲ್ಲವೆಂದರೆ, “ಧೈರ್ಯವಾಗಿರು” ಎಂದಷ್ಟೇ ಹೇಳಿ ಫೋನು ಇಡಬೇಡಿರಿ. ಒಮ್ಮೆ ಹೋಗಿ ನೋಡಿ ಬನ್ನಿರಿ. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮನಸ್ಸಿಗೆ ಚಿಕಿತ್ಸೆ ಕೇಳುವುದು ಜ್ವರಕ್ಕೆ ಔಷಧ ಕೇಳಿದಷ್ಟೇ ಸಹಜವಾದ ಸಂಗತಿ. ಅದರಿಂದ ಮನೆತನದ ಮರ್ಯಾದೆಗೆ ಕುಂದಿಲ್ಲ.

ಕೊನೆಯದಾಗಿ, ಇಂದಿರಾನಗರ, ಹಲಸೂರು, ಕೃಷ್ಣರಾಜಪುರಗಳ ಸುತ್ತ ನೆಲೆಸಿರುವ ನಮ್ಮ ಗೃಹಸ್ಥ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಇಂದು ಹೊಸ ಪ್ರಸಾದ ನಿಲಯವನ್ನು ಕಟ್ಟುವುದು ಎಲ್ಲರಿಗೂ ಸಾಧ್ಯವಲ್ಲ. ಆದರೆ ವಾರಕ್ಕೊಂದು ದಿನ ನಿಮ್ಮ ಮನೆಯ ಪಂಕ್ತಿಯಲ್ಲಿ ಇನ್ನೊಂದು ತಟ್ಟೆ ಹಾಕುವುದು ಯಾರಿಗೂ ಭಾರವಲ್ಲ. ಸೋಮವಾರವೋ ಭಾನುವಾರವೋ ಒಬ್ಬ ಸಂಶೋಧನಾ ವಿದ್ಯಾರ್ಥಿಯನ್ನು ಊಟಕ್ಕೆ ಕರೆಯಿರಿ. ಜಾತಿ, ಊರು ಕೇಳಬೇಕಾಗಿಲ್ಲ. ಅವನ ಪ್ರಬಂಧದ ವಿಷಯ ನಿಮಗೆ ಅರ್ಥವಾಗದಿದ್ದರೂ ಚಿಂತೆಯಿಲ್ಲ, ಅವನು ಬಾರದ ವಾರ “ಯಾಕೆ ಬರಲಿಲ್ಲ?” ಎಂದು ಕೇಳಿದರೆ ಸಾಕು. ಮನೆ ಹಿಡಿಯುವಾಗ ಮಾಲೀಕರಿಗೆ ಪರಿಚಯ ಹೇಳಲು, ಆಸ್ಪತ್ರೆಗೆ ಸೇರಿಸಬೇಕಾದಾಗ ಸಹಿ ಹಾಕಲು ಈ ಊರಿನಲ್ಲಿ ಒಂದು ಹೆಸರಿದೆಯೆಂಬ ನಂಬಿಕೆಯೇ ಅರ್ಧ ನೆಲೆ. ದಾಸೋಹವೆಂಬ ಶಬ್ದಕ್ಕೆ ಇಂದಿನ ಬೆಂಗಳೂರಿನಲ್ಲಿ ಇದಕ್ಕಿಂತ ಸುಲಭವಾದ, ಇದಕ್ಕಿಂತ ಸಾರ್ಥಕವಾದ ಅರ್ಥ ನನಗೆ ತೋರುವುದಿಲ್ಲ.